ಸೇನೆಯಿಂದ ಊರಿಗೆ ಮರಳಿದ ಮೇಲೆ ಕೆಲಸ ಹುಡುಕುವುದು: ಬಳ್ಳಾರಿ, ರಾಯಚೂರು, ಕೊಪ್ಪಳದ ಮಾಜಿ ಸೈನಿಕರಿಗೆ ಸಮಗ್ರ ಮಾರ್ಗದರ್ಶಿ

ಸೇವೆ ಮುಗಿಸಿ ಬರುವಾಗ ನಮ್ಮ ಕೈಗೆ ಸಿಗುವ ಡಿಸ್ಚಾರ್ಜ್ ಬುಕ್ಕನ್ನು ನಾವು ಜತನದಿಂದ ಕಾಪಾಡುತ್ತೇವೆ, ಆದರೆ ಅದನ್ನು ಓದಲು ಬರುವವರು ಊರಿನಲ್ಲಿ ಬಹಳ ಕಡಿಮೆ. ನಾನು ಸೇನೆಯ ವಾಹನ, ಯಂತ್ರಗಳನ್ನು ದುರಸ್ತಿ ಮಾಡುವ ಇಎಂಇ ವಿಭಾಗದಲ್ಲಿ ವಾಹನ ಮೆಕ್ಯಾನಿಕ್ ಆಗಿ 17 ವರ್ಷ ದುಡಿದು, ಹವಾಲ್ದಾರ್ ಆಗಿ ಸಿಂಧನೂರು ತಾಲ್ಲೂಕಿನ ನನ್ನ ಊರಿಗೆ ಬಂದ ಹೊಸತರಲ್ಲಿ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗಕ್ಕೆ ಹೋಗಿದ್ದೆ. ಮೇಜಿನ ಆಚೆ ಕುಳಿತಿದ್ದ ಹುಡುಗ ಆ ಪುಸ್ತಕವನ್ನು ಹಿಂದೆ ಮುಂದೆ ತಿರುವಿ, ಬಹಳ ಮರ್ಯಾದೆಯಿಂದಲೇ ಕೇಳಿದ: "ಸರ್, ಇದರಾಗ ನಿಮ್ಮ ಐಟಿಐ ಸರ್ಟಿಫಿಕೇಟ್ ಯಾವ್ದು?" ಟ್ರಕ್ಕಿನ ಇಂಜಿನ್ ಬಿಚ್ಚಿ ಮತ್ತೆ ಕೂಡಿಸುವುದು ನನಗೆ ನೀರು ಕುಡಿದಷ್ಟು ಸಲೀಸು ಎಂಬುದು ಆ ಪುಸ್ತಕದಲ್ಲಿ ಇತ್ತು, ಆದರೆ ಅವನು ಹುಡುಕುತ್ತಿದ್ದ ಪದ ಇರಲಿಲ್ಲ. ಆ ದಿನದ ನಂತರ ಹತ್ತಾರು ಜೊತೆಗಾರರಿಗೆ ಅರ್ಜಿ ತುಂಬಿಸಿ ಕೊಟ್ಟಿದ್ದೇನೆ, ಮತ್ತು ಪ್ರತಿ ಬಾರಿಯೂ ತೊಡಕು ಅಲ್ಲಿಗೇ ಬಂದು ನಿಲ್ಲುತ್ತದೆ: ಕೆಲಸ ಬರುತ್ತದೆ, ಆದರೆ ಬರುತ್ತದೆ ಎಂದು ಹೊರಗಿನವರಿಗೆ ತಿಳಿಯುವ ಕಾಗದ ಇರುವುದಿಲ್ಲ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಕಾಗದಗಳ ಬಗ್ಗೆಯೇ ಇದೆ.

ಸಮವಸ್ತ್ರದಲ್ಲಿರುವಾಗಲೇ: ಕೊನೆಯ ಎರಡು ವರ್ಷ

ಮೊದಲು ಹೆಸರು. ನಮ್ಮ ಭಾಗದಲ್ಲಿ ಹೆಸರಿನ ಜೊತೆ ತಂದೆಯ ಹೆಸರು, ಮನೆತನದ ಹೆಸರು, ಕೆಲವೊಮ್ಮೆ ಊರಿನ ಹೆಸರು ಸೇರುತ್ತದೆ, ಮತ್ತು ಶಾಲೆಯ ದಾಖಲೆಯಲ್ಲಿ ಒಂದು, ಭರ್ತಿಯ ಸಮಯದಲ್ಲಿ ಬರೆದುಕೊಂಡದ್ದು ಒಂದು, ಆಧಾರ್‌ನಲ್ಲಿ ಇನ್ನೊಂದು ಎಂದು ಮೂರು ರೂಪಗಳಲ್ಲಿ ಉಳಿದುಬಿಡುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಬಸವರಾಜ' ಎಂದಷ್ಟೇ ಇದ್ದು, ಸೇನೆಯ ದಾಖಲೆಯಲ್ಲಿ 'ಬಸವರಾಜ ಹನುಮಂತಪ್ಪ' ಎಂದಿದ್ದರೆ, ದಾಖಲೆ ಪರಿಶೀಲನೆಯ ದಿನ ಅದು ದೊಡ್ಡ ತಲೆನೋವಾಗುತ್ತದೆ. ನಿಮ್ಮ, ನಿಮ್ಮ ಪತ್ನಿಯ ಮತ್ತು ಮಕ್ಕಳ ಹೆಸರು ಹಾಗೂ ಜನ್ಮದಿನಾಂಕಗಳನ್ನು ಯೂನಿಟ್‌ನಲ್ಲಿರುವಾಗಲೇ ಪಾರ್ಟ್ ಟು ಆರ್ಡರ್, ಅಂದರೆ ಸೈನಿಕನ ವೈಯಕ್ತಿಕ ವಿವರಗಳ ಬದಲಾವಣೆಯನ್ನು ದಾಖಲಿಸುವ ಯೂನಿಟ್ ಆದೇಶದ ಮೂಲಕ ಸರಿಪಡಿಸಿಕೊಳ್ಳಿ. ಬಿಡುಗಡೆಯಾದ ಮೇಲೆ ಇದೇ ಕೆಲಸಕ್ಕೆ ಸೈನಿಕರ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸಿಗೆ ಪತ್ರ ಬರೆಯುತ್ತ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಎರಡನೆಯದು ನಿಮ್ಮ ಟ್ರೇಡ್, ಅಂದರೆ ಸೇನೆಯಲ್ಲಿ ನೀವು ಮಾಡಿದ ವೃತ್ತಿ. ಸೇನೆಯ ಟ್ರೇಡ್‌ಗಳಿಗೆ ನಾಗರಿಕ ಕ್ಷೇತ್ರದಲ್ಲಿ ಯಾವುದು ಸಮಾನ ಎಂಬುದನ್ನು ತೋರಿಸುವ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ. ಇದರ ಜೊತೆಗೆ ಪದವಿಯ ವಿಷಯವೊಂದಿದೆ. ಮೆಟ್ರಿಕ್ ಪಾಸಾಗಿ 15 ವರ್ಷ ಸೇವೆ ಸಲ್ಲಿಸಿದವರನ್ನು, ಪದವಿ ಮಾತ್ರ ಅರ್ಹತೆಯಾಗಿರುವ, ತಾಂತ್ರಿಕ ಜ್ಞಾನ ಬೇಡದ ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೆ ಪದವೀಧರರಿಗೆ ಸಮಾನವೆಂದು ಪರಿಗಣಿಸುವ ಆದೇಶ 1986ರಿಂದಲೂ ಇದೆ. ಆದರೆ ಈ ಸಮಾನತೆಯನ್ನು ನಂಬಿಕೊಂಡು ರಾಜ್ಯ ಸರ್ಕಾರದ ಅಥವಾ ಖಾಸಗಿ ಕಂಪನಿಯ ಬಾಗಿಲಿಗೆ ಹೋಗಬೇಡಿ, ಏಕೆಂದರೆ ಅಲ್ಲಿ ಅವರವರ ನಿಯಮವೇ ಅಂತಿಮ. ಸೇವೆಯಲ್ಲಿದ್ದಾಗಲೇ ಇಗ್ನೋ ಅಥವಾ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ನಿಜವಾದ ಪದವಿಯನ್ನೇ ಮುಗಿಸಿಕೊಂಡವನು ಎಲ್ಲ ಕಡೆಗೂ ಅರ್ಜಿ ಹಾಕಬಲ್ಲ.

ಮೂರನೆಯದು ಪುನರ್ವಸತಿ ತರಬೇತಿ. ರಕ್ಷಣಾ ಸಚಿವಾಲಯದ ಅಡಿಯಲ್ಲಿರುವ ಪುನರ್ವಸತಿ ಮಹಾ ನಿರ್ದೇಶನಾಲಯ, ಅಂದರೆ ನಾವು ಡಿಜಿಆರ್ ಎಂದು ಕರೆಯುವ ಸಂಸ್ಥೆ, ಸೇವೆಯ ಕೊನೆಯ ಅವಧಿಯಲ್ಲಿರುವ ಜವಾನರಿಗೆ ಮತ್ತು ಜೆಸಿಒಗಳಿಗೆ (ಸುಬೇದಾರ್ ಮುಂತಾದ ದರ್ಜೆಯವರಿಗೆ) ಉಚಿತವಾಗಿ ಕೋರ್ಸ್‌ಗಳನ್ನು ನಡೆಸುತ್ತದೆ. ಬಹಳ ಜನ ಕೋರ್ಸನ್ನು ಆರಿಸಿಕೊಳ್ಳುವಾಗ ತರಬೇತಿಯ ಊರು ಮನೆಗೆ ಹತ್ತಿರವಿದೆಯೇ ಎಂದು ಮಾತ್ರ ನೋಡುತ್ತಾರೆ. ಮೂರು ತಿಂಗಳು ಮನೆಯ ಊಟ ಸಿಗುತ್ತದೆ ಎನ್ನುವುದನ್ನು ಬಿಟ್ಟರೆ ಅದರಿಂದ ಲಾಭವಿಲ್ಲ. ನಮ್ಮ ಮೂರು ಜಿಲ್ಲೆಗಳಲ್ಲಿ ಕೆಲಸ ಇರುವುದು ಗಣಿ, ಉಕ್ಕು, ವಿದ್ಯುತ್ ಸ್ಥಾವರ ಮತ್ತು ಅಕ್ಕಿ ಗಿರಣಿಗಳಲ್ಲಿ. ಆದ್ದರಿಂದ ಕೈಗಾರಿಕಾ ಸುರಕ್ಷತೆ, ಅಗ್ನಿಶಾಮಕ, ಉಗ್ರಾಣ ನಿರ್ವಹಣೆ, ವಿದ್ಯುತ್ ಅಥವಾ ಭಾರಿ ಯಂತ್ರಗಳ ನಿರ್ವಹಣೆಗೆ ಸಂಬಂಧಿಸಿದ ಕೋರ್ಸ್ ಸಿಕ್ಕರೆ ಅದನ್ನೇ ಹಿಡಿಯಿರಿ.

ಚಾಲಕರಾಗಿದ್ದವರು ಮಿಲಿಟರಿ ಲೈಸೆನ್ಸ್ ಒಂದನ್ನೇ ನೆಚ್ಚಿಕೊಳ್ಳದೆ ಆರ್‌ಟಿಒ ಕಚೇರಿಯ ಹೆವಿ ಲೈಸೆನ್ಸನ್ನು ರಜೆಯಲ್ಲಿ ಬಂದಾಗಲೇ ಮಾಡಿಸಿಕೊಳ್ಳಬೇಕು. ಸಾರಿಗೆ ನಿಗಮದ ಚಾಲಕ ಹುದ್ದೆಗೆ ಹೆವಿ ಲೈಸೆನ್ಸ್ ಪಡೆದು ಎಷ್ಟು ವರ್ಷವಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ, ಬ್ಯಾಡ್ಜ್ ಕೂಡ ಕೇಳುತ್ತಾರೆ.

ಊರಿಗೆ ಬಂದ ಮೊದಲ ತಿಂಗಳು

ಸತ್ಕಾರ, ಮೆರವಣಿಗೆ, ನೆಂಟರ ಮನೆಯ ಊಟ ಎಲ್ಲವೂ ಆಗಲಿ, ಆದರೆ ಮೊದಲ ತಿಂಗಳು ಮುಗಿಯುವಷ್ಟರಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಹೆಸರು ನೋಂದಾಯಿಸಿ ಮಾಜಿ ಸೈನಿಕರ ಗುರುತಿನ ಚೀಟಿಗೆ ಅರ್ಜಿ ಕೊಟ್ಟಿರಬೇಕು. ಈ ಇಲಾಖೆಗೆ ಎಲ್ಲ ಜಿಲ್ಲೆಗಳಲ್ಲೂ ಸ್ವಂತ ಕಚೇರಿ ಇಲ್ಲ, ಒಂದು ಕಚೇರಿಯ ವ್ಯಾಪ್ತಿಗೆ ಎರಡು ಮೂರು ಜಿಲ್ಲೆಗಳು ಬರುತ್ತವೆ. ನಿಮ್ಮ ತಾಲ್ಲೂಕು ಯಾವ ಕಚೇರಿಗೆ ಸೇರಿದೆ ಎಂದು ಫೋನಿನಲ್ಲಿ ಕೇಳಿಕೊಂಡೇ ಬಸ್ ಹತ್ತಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಮಂಜೂರಾತಿ ಆದೇಶ), ಆಧಾರ್, ಬ್ಯಾಂಕ್ ಪಾಸ್‌ಬುಕ್, ಫೋಟೋಗಳು, ಇವುಗಳ ಮೂಲ ಮತ್ತು ಎರಡೆರಡು ನಕಲು ಪ್ರತಿ ಜೊತೆಗಿರಲಿ. ಅಲ್ಲಿಯೇ ಉದ್ಯೋಗಕ್ಕಾಗಿಯೂ ಹೆಸರು ಬರೆಸಿ. ಗುರುತಿನ ಚೀಟಿಗೆ ನೋಂದಾಯಿಸುವುದು ಒಂದು, ಉದ್ಯೋಗಕ್ಕೆ ನೋಂದಾಯಿಸುವುದು ಇನ್ನೊಂದು.

ಮುಂದಿನದು ನಮ್ಮ ಭಾಗದವರಿಗೆ ಮಾತ್ರ ಸಿಗುವ ಅನುಕೂಲ, ಮತ್ತು ಇದನ್ನು ಕಳೆದುಕೊಂಡ ಮಾಜಿ ಸೈನಿಕರನ್ನು ನಾನು ಬಹಳ ನೋಡಿದ್ದೇನೆ. ಸಂವಿಧಾನದ 371ಜೆ ವಿಧಿ ಮತ್ತು ಅದರ ಅಡಿಯಲ್ಲಿ ಬಂದ 2013ರ ಆದೇಶದ ಪ್ರಕಾರ, ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಗ್ರೂಪ್ ಬಿಗೆ ಶೇಕಡಾ 75, ಗ್ರೂಪ್ ಸಿಗೆ ಶೇಕಡಾ 80, ಗ್ರೂಪ್ ಡಿಗೆ ಶೇಕಡಾ 85ರಷ್ಟು ಸ್ಥಳೀಯರಿಗೆ ಮೀಸಲು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಇದರಲ್ಲಿ ಸೇರಿವೆ. ಈ ಅನುಕೂಲಕ್ಕೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು. ನಾನು ಸಿಂಧನೂರಿನವನಾದ್ದರಿಂದ ಲಿಂಗಸುಗೂರು ಉಪವಿಭಾಗಕ್ಕೆ ಹೋಗಬೇಕಾಯಿತು. ಹದಿನೇಳು ವರ್ಷ ಪಠಾಣ್‌ಕೋಟ್, ತೇಜ್‌ಪುರ ಎಂದು ಅಲೆದವನು ಇಲ್ಲಿಯ ನಿವಾಸಿ ಹೇಗಾದಾನು ಎಂಬ ಪ್ರಶ್ನೆ ಅಲ್ಲಿನ ಗುಮಾಸ್ತರೊಬ್ಬರಿಂದ ಬಂತು. ಉತ್ತರ ಸರಳವಾಗಿದೆ: ಈ ಪ್ರದೇಶದಲ್ಲಿ ಹುಟ್ಟಿದವರು ಹುಟ್ಟಿನ ಆಧಾರದ ಮೇಲೆಯೇ ಅರ್ಹರು, ನೀವು ಎಲ್ಲಿ ಸೇವೆ ಸಲ್ಲಿಸಿದಿರಿ ಎಂಬುದು ಅಡ್ಡ ಬರುವುದಿಲ್ಲ. ಹುಟ್ಟಿದ ಸ್ಥಳ ನಮೂದಾಗಿರುವ ಶಾಲಾ ದಾಖಲಾತಿಯ ಪ್ರತಿಯನ್ನು ಅರ್ಜಿಯ ಮೇಲುಗಡೆಯೇ ಇಟ್ಟರೆ ಮಾತು ಬೆಳೆಯುವುದಿಲ್ಲ.

ಅದೇ ಓಡಾಟದಲ್ಲಿ ಶಾಲೆಗೂ ಹೋಗಿ ಬನ್ನಿ. ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಅಭ್ಯರ್ಥಿ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಕನ್ನಡ ಮಾಧ್ಯಮ ಪ್ರಮಾಣಪತ್ರ ಸಿಗುತ್ತದೆ. ಇವುಗಳನ್ನು ಮುಖ್ಯೋಪಾಧ್ಯಾಯರು ಕೊಡುತ್ತಾರೆ, ಗ್ರಾಮೀಣ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಬೇಕು. ಜಾತಿ ಪ್ರಮಾಣಪತ್ರ ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಳ್ಳಿ. ಅಧಿಸೂಚನೆಯಲ್ಲಿ ಕೊಟ್ಟಿರುವ ಕೊನೆಯ ದಿನಾಂಕದೊಳಗೆ ಪಡೆದ ಪ್ರಮಾಣಪತ್ರಗಳಷ್ಟೇ ನಡೆಯುತ್ತವೆ, ಆಯ್ಕೆಯಾದ ಮೇಲೆ ಮಾಡಿಸಿದರಾಯಿತು ಎಂದುಕೊಂಡವರು ಪರಿಶೀಲನೆಯ ದಿನ ಬರಿಗೈಯಲ್ಲಿ ಮರಳಿದ್ದಾರೆ.

ಸರ್ಕಾರಿ ನೌಕರಿ: ಲೆಕ್ಕ ತಿಳಿದು ಅರ್ಜಿ ಹಾಕುವುದು

ಕರ್ನಾಟಕ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇಕಡಾ 10ರಷ್ಟು ಮೀಸಲಾತಿ ಇದೆ. ಕೇಂದ್ರ ಸರ್ಕಾರದಲ್ಲಿ ಗ್ರೂಪ್ ಸಿ ಹುದ್ದೆಗಳಲ್ಲಿ ಶೇಕಡಾ 10, ರಾಷ್ಟ್ರೀಕೃತ ಬ್ಯಾಂಕುಗಳು ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಲ್ಲಿ ಗ್ರೂಪ್ ಸಿಗೆ ಶೇಕಡಾ 14.5, ಗ್ರೂಪ್ ಡಿಗೆ ಶೇಕಡಾ 24.5. ಇದು ಸಮತಲ ಮೀಸಲಾತಿ, ಅಂದರೆ ನೀವು ಯಾವ ವರ್ಗಕ್ಕೆ ಸೇರಿದ್ದೀರೋ ಆ ವರ್ಗದ ಒಳಗೇ ನಿಮ್ಮ ಸ್ಥಾನ ಇರುತ್ತದೆ. ಕೆಪಿಎಸ್‌ಸಿ ಅಧಿಸೂಚನೆಯ ಕೊನೆಯಲ್ಲಿರುವ ಹುದ್ದೆಗಳ ಪಟ್ಟಿಯಲ್ಲಿ 'ಮಾ.ಸೈ.' ಎಂಬ ಕಂಬದ ಕೆಳಗೆ ನಿಮ್ಮ ವರ್ಗದ ಎದುರು ಸಂಖ್ಯೆ ಇದೆಯೇ ಎಂದು ನೋಡಿ, ಆಮೇಲೆ ಶುಲ್ಕ ಕಟ್ಟಿ. ಸಂಖ್ಯೆ ಇಲ್ಲದ ಹುದ್ದೆಗೂ ಅರ್ಜಿ ಹಾಕಬಹುದು, ಆದರೆ ಆಗ ನಿಮ್ಮ ಪೈಪೋಟಿ ಧಾರವಾಡದ ಕೋಣೆಗಳಲ್ಲಿ ಹಗಲು ರಾತ್ರಿ ಓದುತ್ತಿರುವ ಇಪ್ಪತ್ನಾಲ್ಕರ ಹುಡುಗರ ಜೊತೆ.

ವಯಸ್ಸಿನ ಬಗ್ಗೆ ಅನಗತ್ಯ ಭಯ ಬಹಳ ಇದೆ. ಲೆಕ್ಕ ಇಷ್ಟೇ: ನಿಮ್ಮ ಈಗಿನ ವಯಸ್ಸಿನಿಂದ ಸೇನೆಯ ಸೇವೆಯ ಅವಧಿಯನ್ನು ಕಳೆಯಬೇಕು, ಉಳಿದದ್ದು ಹುದ್ದೆಯ ಗರಿಷ್ಠ ವಯೋಮಿತಿಗಿಂತ ಮೂರು ವರ್ಷಕ್ಕೆ ಹೆಚ್ಚು ದಾಟಿರಬಾರದು. ನಲವತ್ತು ವಯಸ್ಸಿನ, 17 ವರ್ಷ ಸೇವೆ ಮಾಡಿದ ನಾಯಕ್ ಒಬ್ಬರ ವಯಸ್ಸು ಈ ಲೆಕ್ಕದಲ್ಲಿ 23. ಬ್ಯಾಂಕ್ ಪರೀಕ್ಷೆಗಳಲ್ಲಿ ಇದರ ಮೇಲೆ ಗರಿಷ್ಠ 50 ವರ್ಷ ಎಂಬ ಮಿತಿಯೂ ಇರುತ್ತದೆ. ಇನ್ನೊಂದು ಮಾತು: ಕೇಂದ್ರದ ಹುದ್ದೆಗಳಿಗೆ ಬಿಡುಗಡೆಯವರೆಗೆ ಕಾಯಬೇಕಿಲ್ಲ. ಅರ್ಜಿಯ ಕೊನೆಯ ದಿನಾಂಕದಿಂದ ಒಂದು ವರ್ಷದೊಳಗೆ ಸೇವಾವಧಿ ಮುಗಿಸಲಿರುವವರು ಯೂನಿಟ್‌ನ ನಿರಾಕ್ಷೇಪಣಾ ಪತ್ರದೊಂದಿಗೆ ಮಾಜಿ ಸೈನಿಕರ ಕೋಟಾದಲ್ಲೇ ಅರ್ಜಿ ಹಾಕಬಹುದು.

ನಮ್ಮ ಕಡೆಯವರು ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳಿದರೆ, ಪದವಿ ಇದ್ದವರಿಗೆ ನಾನು ಮೊದಲು ಹೇಳುವುದು ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕ ಹುದ್ದೆ. ಕರ್ನಾಟಕ ಗ್ರಾಮೀಣ ಬ್ಯಾಂಕಿನ ಪ್ರಧಾನ ಕಚೇರಿ ಬಳ್ಳಾರಿಯಲ್ಲೇ ಇದೆ, 2025ರ ಮೇ 1ರಂದು ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕ್ ಕೂಡ ಅದರೊಳಗೆ ಸೇರಿದ ಮೇಲೆ ಶಾಖೆಗಳು ರಾಜ್ಯದ ತುಂಬ ಹರಡಿವೆ. ಕನ್ನಡ ಓದಿ ಬರೆಯಲು ಬರಬೇಕೆಂಬ ಷರತ್ತು ನಮಗೆ ಅನುಕೂಲವೇ. ಪಿಯುಸಿ ಮುಗಿಸಿದವರು ಗ್ರಾಮ ಆಡಳಿತಾಧಿಕಾರಿ ಹುದ್ದೆಯ ಮೇಲೆ ಕಣ್ಣಿಡಬಹುದು. ರೈಲ್ವೆಯ ಕೆಳಹಂತದ ಹುದ್ದೆಗಳಲ್ಲಿ ಮಾಜಿ ಸೈನಿಕರ ಪಾಲು ದೊಡ್ಡದು, ಗುತ್ತಿಗೆಯ ಮೇಲೆ ಗೇಟ್‌ಮನ್‌ಗಳಾಗಿಯೂ ಅವರು ಮಾಜಿ ಸೈನಿಕರನ್ನು ತೆಗೆದುಕೊಂಡಿದ್ದಾರೆ. ಪೊಲೀಸ್ ಇಲಾಖೆಯತ್ತ ಒಲವಿರುವವರಿಗೆ ಮುನಿರಾಬಾದಿನ ಐಆರ್‌ಬಿ (ಮೀಸಲು ಪೊಲೀಸ್) ಪಡೆಯೂ ಇಲ್ಲೇ ಇದೆ.

ಕನ್ನಡದ ವಿಷಯ ಬಂದದ್ದರಿಂದ ಒಂದು ಅನುಭವ. ಕೆಪಿಎಸ್‌ಸಿಯ ಕಡ್ಡಾಯ ಕನ್ನಡ ಪರೀಕ್ಷೆ 150 ಅಂಕದ್ದು, ಅದರಲ್ಲಿ ಕನಿಷ್ಠ 50 ಅಂಕ ಬೇಕು. ಇದೇನು ಮಹಾ, ನಮ್ಮ ಮಾತೃಭಾಷೆ ಎಂದುಕೊಂಡು ಪ್ರಬಂಧ ಬರೆಯಲು ಕುಳಿತರೆ, ಹದಿನೇಳು ವರ್ಷ ಹಿಂದಿಯಲ್ಲೇ ರಿಪೋರ್ಟ್ ಕೊಟ್ಟ ಕೈಗೆ ಒತ್ತಕ್ಷರಗಳು ಮರೆತುಹೋಗಿದ್ದವು. 'ಅಧ್ಯಕ್ಷ' ಎಂದು ಬರೆಯಲು ನಾನು ಮೂರು ಬಾರಿ ಹೊಡೆದುಹಾಕಿದೆ. ಮಗಳ ಆರನೇ ತರಗತಿಯ ಕಾಪಿ ಪುಸ್ತಕ ತಂದು ದಿನಕ್ಕೊಂದು ಪುಟದಂತೆ ಎರಡು ತಿಂಗಳು ಬರೆದ ಮೇಲೆ ಕೈ ಹದಕ್ಕೆ ಬಂತು. ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ಗಣಿ, ಉಕ್ಕು, ವಿದ್ಯುತ್: ಕೈಕೆಲಸ ಬಲ್ಲವರಿಗೆ

ತೋರಣಗಲ್ಲಿನ ಜೆಎಸ್‌ಡಬ್ಲ್ಯೂ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿಗಳು, ದೋಣಿಮಲೈಯ ಎನ್‌ಎಂಡಿಸಿ, ಕುಡಿತಿನಿ, ಶಕ್ತಿನಗರ ಮತ್ತು ಯರಮರಸ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು, ಹಟ್ಟಿ ಚಿನ್ನದ ಗಣಿ, ಕೊಪ್ಪಳದ ಗಿಣಿಗೇರಾ ಸುತ್ತಲಿನ ಕಬ್ಬಿಣದ ಕಾರ್ಖಾನೆಗಳು: ಇಷ್ಟೊಂದು ಭಾರಿ ಉದ್ದಿಮೆ ಇರುವ ನೆಲದಲ್ಲಿ ಹುಟ್ಟಿ, ಎಂಜಿನಿಯರ್ಸ್‌ನಲ್ಲಿ ಡೋಜರ್ ಓಡಿಸಿ ಬಂದವನೊಬ್ಬ ಎಟಿಎಂ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಆದರೆ ಈ ಉದ್ದಿಮೆಗಳಲ್ಲಿ ಕೆಲಸ ಬಲ್ಲೆ ಎಂಬ ಮಾತಿಗಿಂತ ಕಾನೂನು ಕೇಳುವ ಪ್ರಮಾಣಪತ್ರಕ್ಕೆ ಬೆಲೆ ಹೆಚ್ಚು. ಗಣಿಯಲ್ಲಿ ಮೇಟ್, ಫೋರ್‌ಮನ್ ಅಥವಾ ಬ್ಲಾಸ್ಟರ್ ಆಗಲು ಗಣಿ ಸುರಕ್ಷತಾ ಮಹಾ ನಿರ್ದೇಶನಾಲಯದ ಪರೀಕ್ಷೆ ಪಾಸಾಗಿರಬೇಕು. ಯಾವ ಕೆಲಸಕ್ಕೇ ಆಗಲಿ, ಗಣಿಯೊಳಗೆ ಕಾಲಿಡುವ ಮುನ್ನ ವೈದ್ಯಕೀಯ ತಪಾಸಣೆ ಮತ್ತು ವೃತ್ತಿ ತರಬೇತಿ ಕಡ್ಡಾಯ. ಬಾಯ್ಲರ್ ನಡೆಸುವವರಿಗೆ ಬಾಯ್ಲರ್ ಇಲಾಖೆಯ ಅರ್ಹತಾ ಪತ್ರ, ವಿದ್ಯುತ್ ಕೆಲಸದವರಿಗೆ ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಬೇಕು. ನೌಕಾಪಡೆಯಲ್ಲಿ ಬಾಯ್ಲರ್ ಕೋಣೆಯಲ್ಲಿ ದುಡಿದವರು, ವಾಯುಪಡೆಯ ಎಲೆಕ್ಟ್ರಿಷಿಯನ್‌ಗಳು ಇವುಗಳಿಗೆ ಸೇವೆಯ ಅನುಭವ ಪತ್ರವನ್ನು ಆಧಾರವಾಗಿಟ್ಟು ಪ್ರಯತ್ನಿಸಬೇಕು. ಕಾನೂನು ನಿಗದಿಪಡಿಸಿದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿ ಇರಲೇಬೇಕೆಂದು ಕಾನೂನಿದೆ, ಜೆಸಿಒಗಳಾಗಿದ್ದು ಕೈಗಾರಿಕಾ ಸುರಕ್ಷತೆಯ ಡಿಪ್ಲೊಮಾ ಮಾಡಿಕೊಂಡವರಿಗೆ ಇದು ಒಳ್ಳೆಯ ದಾರಿ. ಇಂಥ ಒಂದು ಪತ್ರಕ್ಕಾಗಿ ಆರು ತಿಂಗಳು ಪಿಂಚಣಿಯಲ್ಲೇ ಸಂಸಾರ ತೂಗಿಸಬೇಕಾಗಿ ಬಂದರೂ ತೂಗಿಸಿ, ಮೊದಲು ಸಿಕ್ಕ ಕೆಲಸಕ್ಕೆ ಜೋತು ಬೀಳಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬಯೋಡೇಟಾದಲ್ಲಿ ಯೂನಿಟ್‌ನ ಹೆಸರು, ಆಪರೇಷನ್‌ಗಳ ಹೆಸರು ಬರೆಯುವುದನ್ನು ಬಿಟ್ಟು, ಏನು ಮಾಡಿದಿರಿ, ಎಷ್ಟು ಮಾಡಿದಿರಿ ಎಂದು ಬರೆಯಿರಿ. ನನ್ನ ಮೊದಲ ಬಯೋಡೇಟಾದಲ್ಲಿ 'ಎಲ್‌ಎಡಿಯಲ್ಲಿ ಡಿಟ್ಯಾಚ್‌ಮೆಂಟ್ ಕಮಾಂಡರ್ ಆಗಿ ಕರ್ತವ್ಯ' ಎಂದಿತ್ತು; ಎಲ್‌ಎಡಿ ಎಂದರೆ ಇಎಂಇಯ ಸಣ್ಣ ದುರಸ್ತಿ ತುಕಡಿ ಎಂದು ಹೊರಗಿನವರಿಗೆ ಹೇಗೆ ತಿಳಿದೀತು? ಎರಡನೆಯದರಲ್ಲಿ 'ಎಂಟು ಮೆಕ್ಯಾನಿಕ್‌ಗಳ ತಂಡದ ಮೇಲ್ವಿಚಾರಣೆ, ನಲವತ್ತು ಭಾರಿ ಡೀಸೆಲ್ ವಾಹನಗಳ ನಿಯತ ನಿರ್ವಹಣೆ, ಬಿಡಿಭಾಗಗಳ ದಾಸ್ತಾನು ಲೆಕ್ಕ' ಎಂದು ಬರೆದೆ. ಮನುಷ್ಯ ಅವನೇ, ಕೆಲಸ ಅದೇ, ಆದರೆ ಎರಡನೆಯದಕ್ಕೆ ವಾರದೊಳಗೆ ಫೋನ್ ಬಂತು. ಸಂದರ್ಶನದಲ್ಲಿ ನಿಮಗಿಂತ ಹದಿನೈದು ವರ್ಷ ಚಿಕ್ಕವನು ನಿಮ್ಮ ಮೇಲಧಿಕಾರಿಯಾದರೆ ನಡೆಯುತ್ತದೆಯೇ ಎಂದು ಕೇಳಿಯೇ ಕೇಳುತ್ತಾರೆ. ಇಪ್ಪತ್ಮೂರರ ಲೆಫ್ಟಿನೆಂಟ್‌ಗೆ ನಲವತ್ತೈದರ ಸುಬೇದಾರ್ ಸಾಹೇಬರು ಸೆಲ್ಯೂಟ್ ಹೊಡೆಯುವ ಸಂಸ್ಥೆಯಿಂದ ಬಂದವರಿಗೆ ಇದಕ್ಕಿಂತ ಸುಲಭದ ಪ್ರಶ್ನೆ ಬೇರೆ ಇಲ್ಲ. ಅದನ್ನೇ ಹೇಳಿ.

ಭದ್ರತಾ ಕೆಲಸ

ಇದನ್ನು ಹಗುರವಾಗಿ ಕಾಣುವುದು ಬೇಡ, ಬಹಳ ಮನೆಗಳ ಒಲೆ ಇದರಿಂದಲೇ ಉರಿಯುತ್ತಿದೆ. ಆದರೆ ಸೇರುವ ಮುನ್ನ ನಾಲ್ಕು ವಿಚಾರಗಳನ್ನು ತಿಳಿದುಕೊಳ್ಳಬೇಕು. ಖಾಸಗಿ ಭದ್ರತಾ ಸಂಸ್ಥೆಗಳನ್ನು ನಿಯಂತ್ರಿಸುವ 2005ರ ಕಾಯ್ದೆಯ ಪ್ರಕಾರ ಸಂಸ್ಥೆಗೆ ಪರವಾನಗಿ ಇರಬೇಕು, ಅದರ ಪ್ರತಿಯನ್ನು ಕೇಳಿ ನೋಡಿ. ಸಾಮಾನ್ಯ ಕಾವಲುಗಾರರಿಗೆ 160 ಗಂಟೆಗಳ ತರಬೇತಿ ನಿಗದಿಯಾಗಿದ್ದರೆ, ಮಾಜಿ ಸೈನಿಕರಿಗೆ ಮಾದರಿ ನಿಯಮಗಳಲ್ಲಿ 56 ಗಂಟೆ ಸಾಕು ಎಂದಿದೆ, ಆದ್ದರಿಂದ ದೀರ್ಘ ತರಬೇತಿಯ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಅನುಮಾನಿಸಿ. ಡಿಜಿಆರ್ ಪ್ರಾಯೋಜಿತ ಸಂಸ್ಥೆಗಳ ಮೂಲಕ ಸೇರಿದರೆ ಡಿಜಿಆರ್ ನಿಗದಿಪಡಿಸಿದ ದರದಲ್ಲಿ ವೇತನ ಸಿಗಬೇಕು, ಹೀಗಾಗಿ ಅಂಥ ಸಂಸ್ಥೆಗಳನ್ನೇ ಮೊದಲು ಹುಡುಕಿ. ಕೊನೆಯದಾಗಿ ಭವಿಷ್ಯ ನಿಧಿ. ನಾನು ಹನ್ನೊಂದು ತಿಂಗಳು ದುಡಿದ ಒಂದು ಕಡೆ ಪ್ರತಿ ತಿಂಗಳೂ ಸಂಬಳದಿಂದ ಪಿಎಫ್ ಎಂದು ಹಣ ಮುರಿದುಕೊಂಡರು. ಕೊನೆಗೆ ನೋಡಿದರೆ ಖಾತೆಗೆ ಮೂರು ತಿಂಗಳದ್ದು ಮಾತ್ರ ಜಮೆಯಾಗಿತ್ತು. ಯುಎಎನ್ ಸಂಖ್ಯೆಯನ್ನು (ನಿಮ್ಮ ಭವಿಷ್ಯ ನಿಧಿಯ ಖಾಯಂ ಸಂಖ್ಯೆ) ಮೊದಲ ತಿಂಗಳೇ ಪಡೆದು, ಮೊಬೈಲಿನಲ್ಲಿ ಪಾಸ್‌ಬುಕ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇದ್ದರೆ ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕೂಡ ನಿಮ್ಮ ಹಕ್ಕು.

ಇದರ ಜೊತೆಯಲ್ಲೇ ಹೇಳಬೇಕಾದದ್ದು: ಮಾಜಿ ಸೈನಿಕರ ಕೋಟಾದಲ್ಲಿ ಕೆಲಸ ಕೊಡಿಸುತ್ತೇನೆಂದು ಗ್ರಾಚ್ಯುಟಿ ಹಣದ ವಾಸನೆ ಹಿಡಿದು ಬರುವವರು ಇದ್ದಾರೆ. ಡಿಜಿಆರ್ ಆಗಲಿ, ಸೈನಿಕ ಕಲ್ಯಾಣ ಇಲಾಖೆಯಾಗಲಿ ಕೆಲಸಕ್ಕೆ ಹೆಸರು ಕಳಿಸಲು ದುಡ್ಡು ಕೇಳುವುದಿಲ್ಲ. ಸ್ಪರ್ಶ್ ಪಿಂಚಣಿ ಖಾತೆಯ ಒಟಿಪಿಯನ್ನು ಯಾರಿಗೂ ಹೇಳಬೇಡಿ.

ಸ್ವಂತ ಉದ್ಯೋಗ ಮತ್ತು ಅಗ್ನಿವೀರರು

ಗ್ಯಾರೇಜ್, ಟ್ರ್ಯಾಕ್ಟರ್ ರಿಪೇರಿ, ಹಾಲಿನ ಡೇರಿ ಎಂದು ಮನಸ್ಸಿದ್ದವರಿಗೆ ಮುದ್ರಾ ಸಾಲ ಇದೆ. ಶಿಶು ವಿಭಾಗದಲ್ಲಿ 50,000, ಕಿಶೋರ್‌ನಲ್ಲಿ 5 ಲಕ್ಷ, ತರುಣ್‌ನಲ್ಲಿ 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಪಿಂಚಣಿಯ ಗಂಟನ್ನು ಪೂರ್ತಿ ಹೂಡಬೇಡಿ ಎಂಬುದನ್ನು ಬಿಟ್ಟರೆ ಇದರ ಬಗ್ಗೆ ಸಲಹೆ ಕೊಡುವಷ್ಟು ವ್ಯಾಪಾರ ನಾನು ಮಾಡಿಲ್ಲ.

2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯ ಮೊದಲ ತಂಡಗಳ ನಾಲ್ಕು ವರ್ಷದ ಅವಧಿ 2026ರ ಕೊನೆಯಿಂದ ಮುಗಿಯುತ್ತ ಬರುತ್ತದೆ. ಮೇಲೆ ಹೇಳಿದ ಮಾಜಿ ಸೈನಿಕರ ಕೋಟಾ ಮತ್ತು ಪಿಂಚಣಿ ಇವರಿಗೆ ಅನ್ವಯಿಸುವುದಿಲ್ಲ, ಸೇವಾ ನಿಧಿಯಾಗಿ ಸುಮಾರು 11.71 ಲಕ್ಷ ರೂಪಾಯಿ ಸಿಗುತ್ತದೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಇವರಿಗೆ ಪ್ರತ್ಯೇಕ ಮೀಸಲಾತಿ ಇದೆ. ಹತ್ತನೇ ತರಗತಿ ಮುಗಿಸಿ ಸೇರಿದ ಹುಡುಗರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ಮೂಲಕ ಹನ್ನೆರಡನೇ ತರಗತಿಯ ಪ್ರಮಾಣಪತ್ರವನ್ನು ಮತ್ತು ಕೌಶಲ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದೇ ಹೊರಬರಬೇಕು. ಚಿಕ್ಕ ವಯಸ್ಸೇ ಅವರ ಪಾಲಿನ ದೊಡ್ಡ ಆಸ್ತಿ, 371ಜೆ ಪ್ರಮಾಣಪತ್ರಕ್ಕೆ ಅವರೂ ಅರ್ಹರು.

ಸರ್ಕಾರಿ ಕೆಲಸಕ್ಕೆ ಸೇರಿದ ದಿನ

ಕೋಟಾದಲ್ಲಿ ಒಮ್ಮೆ ಕೇಂದ್ರದ ನಾಗರಿಕ ಹುದ್ದೆಗೆ ಸೇರಿದರೆ ಮಾಜಿ ಸೈನಿಕರೆಂಬ ಮೀಸಲಾತಿಯ ಅನುಕೂಲ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಆದರೆ 2014ರ ಆಗಸ್ಟ್ 14ರ ಕೇಂದ್ರ ಸಿಬ್ಬಂದಿ ಇಲಾಖೆಯ ಆದೇಶ ಒಂದು ಬಾಗಿಲನ್ನು ತೆರೆದಿಟ್ಟಿದೆ. ಸೇರುವ ಮೊದಲೇ ಬೇರೆ ಹುದ್ದೆಗಳಿಗೆ ಅರ್ಜಿ ಹಾಕಿದ್ದರೆ, ಯಾವ ಹುದ್ದೆಗೆ ಯಾವ ದಿನಾಂಕದಂದು ಅರ್ಜಿ ಸಲ್ಲಿಸಿದ್ದೇನೆ ಎಂಬ ಪಟ್ಟಿಯನ್ನು ಸ್ವಯಂ ಘೋಷಣೆಯಾಗಿ ಸೇರಿದ ಕೂಡಲೇ ಹೊಸ ಕಚೇರಿಗೆ ಕೊಟ್ಟರೆ, ಆ ಅರ್ಜಿಗಳ ಮಟ್ಟಿಗೆ ಮೀಸಲಾತಿ ಉಳಿಯುತ್ತದೆ. ಗುಮಾಸ್ತನ ಹುದ್ದೆಗೆ ಸೇರಿ, ಆರು ತಿಂಗಳ ನಂತರ ಇನ್ನೂ ಒಳ್ಳೆಯ ಹುದ್ದೆಯ ಫಲಿತಾಂಶ ಬಂದಾಗ ಈ ಪತ್ರ ಕೊಡದೇ ಇದ್ದದ್ದಕ್ಕೆ ಕೈ ಕೈ ಹಿಸುಕಿಕೊಂಡವರಿದ್ದಾರೆ. ಆದ್ದರಿಂದ ಮೊದಲ ಅರ್ಜಿ ಹಾಕುವ ದಿನದಿಂದಲೇ ಒಂದು ನೋಟ್‌ಪುಸ್ತಕದಲ್ಲಿ ಹುದ್ದೆ, ಅಧಿಸೂಚನೆಯ ಸಂಖ್ಯೆ, ಅರ್ಜಿ ಸಲ್ಲಿಸಿದ ದಿನಾಂಕ ಬರೆಯುತ್ತ ಬನ್ನಿ. ಹಾಜರಾತಿ ಪುಸ್ತಕದಲ್ಲಿ ಸಹಿ ಹಾಕಿದ ದಿನವೇ ಆ ಪಟ್ಟಿಯನ್ನು ಎರಡು ಪ್ರತಿ ಮಾಡಿ ಒಂದನ್ನು ಟಪ್ಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ದಿನಾಂಕದ ಸಮೇತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಡಿಸ್ಚಾರ್ಜ್ ಬುಕ್ಕಿನೊಳಗೇ ಇಟ್ಟುಕೊಳ್ಳಿ.